ಎಡಗಿವಿ ಈಗ ಬಂದರಿನಲ್ಲಿದೆ

ಫೆಬ್ರವರಿ 3, ಮಂಗಳವಾರ

ಬೆಳಗ್ಗೆ ತಮ್ಮ ಮಾತಾಡಿದ. ವಾರದ ಮೇಲೆ ಇದೇ ಮೊದಲು. ಮುಚ್ಚಿದ ಬಾಗಿಲ ಒಳಗಿನಿಂದ: "ಅಕ್ಕ, ನೆಟ್ ಬಳಸ್ಬೇಡ. ಡೌನ್‌ಲೋಡ್ ಆಗ್ತಿದೆ."

ಕೆಳಗೆ ಬಂದು ನನ್ನ ಫೋನನ್ನು ಮೇಜಿನ ಮೇಲೆ ಮಗುಚಿ ಹಾಕಿದೆ. ಖುಷಿಯೂ ಆಯಿತು, ಸಿಟ್ಟೂ ಬಂತು. ಎರಡೂ ಹೆಚ್ಚು ಹೊತ್ತು ನಿಲ್ಲಲಿಲ್ಲ, ಸುಸ್ತು ನುಂಗಿಕೊಂಡಿತು.

ಮಧ್ಯಾಹ್ನ ಅವನ ಬದಲಿಗೆ ನಾನೇ ಮನೋವೈದ್ಯರ ಹತ್ತಿರ ಹೋದೆ. ಹಳಬರು ರಜೆಯಲ್ಲಿದ್ದಾರೆ. ಹೊಸಬರಿಗೆ ಎಲ್ಲವನ್ನೂ ಮೊದಲಿನಿಂದ ಒಪ್ಪಿಸಬೇಕಾಯಿತು. ತಮ್ಮ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದ. ನವೆಂಬರಿನಲ್ಲಿ ಅವನು ಎತ್ತಿದ ಕಬ್ಬಿಣದ ಕೊಳವೆಗಳ ಕಟ್ಟು ಗಾಳಿಗೆ ತೂಗಿ ಜಾರಿತು. ಕೆಳಗೆ ನಿಂತಿದ್ದ ಗೆಳೆಯನ ಕಾಲು ಅದರಡಿ ಸಿಕ್ಕಿತು. ವಿಚಾರಣೆ ನಡೆದು ಯಾರ ತಪ್ಪೂ ಇಲ್ಲ ಎಂದಾಯಿತು. ಆಮೇಲೆ ನನ್ನ ಮನೆಯ ಮಹಡಿ ಕೋಣೆ ಸೇರಿದವನು ಕೆಳಗಿಳಿದಿಲ್ಲ. ಇಷ್ಟನ್ನು ಬಾಯಿಪಾಠದ ಹಾಗೆ ಹೇಳಿ ಮುಗಿಸಿದೆ.

"ಅವರನ್ನ ಒಬ್ಬರನ್ನೇ ಬಿಡಬೇಡಿ."

"ನಾನು ಕೆಲಸಕ್ಕೆ ಹೋಗ್ಬೇಕಲ್ಲ ಡಾಕ್ಟ್ರೇ."

"ದಿನವಿಡೀ ಏನು ಮಾಡ್ತಾರೆ?"

"ಕಂಪ್ಯೂಟರಲ್ಲಿ ಆಟ."

ಅವರು ಏನೋ ಬರೆದುಕೊಂಡರು. ಒಬ್ಬರನ್ನೇ ಬಿಟ್ಟರೆ ಏನಾಗಬಹುದು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ದಾರಿಯಲ್ಲಿ ಬಡಗಿಯನ್ನು ಕರೆದುಕೊಂಡು ಬಂದು ಅವನ ಬಾಗಿಲಿನ ಒಳಚಿಲಕ ಬಿಚ್ಚಿಸಿದೆ. ಆ ಕೆಲಸ ಮುಗಿಯುವವರೆಗೂ ತಮ್ಮ ಹೆಡ್‌ಫೋನ್ ಹಾಕಿಕೊಂಡು ಗೋಡೆಗೆ ಮುಖ ಮಾಡಿ ಕೂತಿದ್ದ. ಬಡಗಿ ಹೋದ ಮೇಲೆ ಬಾಗಿಲಿಗೆ ಕುರ್ಚಿ ಒತ್ತಿಟ್ಟ ಸದ್ದು ಬಂತು.

ಫೆಬ್ರವರಿ 5, ಗುರುವಾರ

ನಾನು ಕೆಲಸ ಮಾಡುವ ಆಸ್ಪತ್ರೆಯ ಕಿವಿ ಪರೀಕ್ಷೆಯ ಕೋಣೆಯಲ್ಲಿ ಇವತ್ತು ಒಬ್ಬ ಮುದುಕ. ಗಾಜಿನ ಆಚೆ ಹೆಡ್‌ಫೋನ್ ಹಾಕಿ ಕೂರಿಸಿದ್ದೆ. ಸದ್ದು ಕೇಳಿಸಿದಾಗ ಗುಂಡಿ ಒತ್ತಿ ಎಂದಿದ್ದೆ. ನಾನು ಯಾವ ಸದ್ದೂ ಕಳಿಸದೆ ಇದ್ದಾಗಲೂ ಒತ್ತುತ್ತಲೇ ಇದ್ದ. ಹೊರಗೆ ಬಂದ ಮೇಲೆ ಯಾಕೆ ಎಂದು ಕೇಳಿದೆ.

"ನೀವು ಕಾಯ್ತಾ ಕೂತಿದ್ರಲ್ಲಮ್ಮ, ಪಾಪ ಅನ್ನಿಸ್ತು."

ಊಟದ ಬಿಡುವಿನಲ್ಲಿ ಕೊಕ್ಕರೆಯ ಫೋನು. ಕಾಲು ಸಿಕ್ಕಿಕೊಂಡವನು ಇವನೇ. ಉದ್ದ ಕಾಲಿನವನೆಂದು ಬಂದರಿನವರೆಲ್ಲ ಇಟ್ಟ ಹೆಸರು. ತಮ್ಮ ಎತ್ತಿಕೊಳ್ಳುವುದಿಲ್ಲವೆಂದು ನನಗೆ ಮಾಡುತ್ತಾನೆ. "ಏನಕ್ಕಾ, ದೊರೆ ಎದ್ರಾ?" ದೊರೆ ಎಂದರೆ ತಮ್ಮ, ಅವನು ಕರೆಯುವುದು ಹಾಗೆ. ಕೊಕ್ಕರೆ ಇನ್ನೂ ಬಂದರಿನ ಆಸ್ಪತ್ರೆಯಲ್ಲೇ ಇದ್ದಾನೆ. ಗಾಯ ಒಣಗುತ್ತಿಲ್ಲವಂತೆ. ಅದನ್ನು ಪಕ್ಕದ ಮನೆಯವರ ಸುದ್ದಿ ಹೇಳುವ ಹಾಗೆ ಹೇಳುತ್ತಾನೆ.

ಫೋನು ಇಟ್ಟಾಗ ನನ್ನ ಮುಖ ಹೇಗಿತ್ತೋ, ಶ್ರವಣಯಂತ್ರ ರಿಪೇರಿ ಮಾಡುವವರು ಸ್ಕ್ರೂಡ್ರೈವರ್ ಕೆಳಗಿಟ್ಟು ವಿಚಾರಿಸಿದರು. ನಿವೃತ್ತಿಯ ಅಂಚಿನಲ್ಲಿರುವವರು. ಇಷ್ಟು ವರ್ಷ ಅವರೊಡನೆ ಬ್ಯಾಟರಿಯ ವಿಷಯ ಬಿಟ್ಟು ಬೇರೆ ಮಾತಾಡಿದ್ದಿಲ್ಲ. ತಮ್ಮ ದಿನವಿಡೀ ಕಂಪ್ಯೂಟರ್ ಆಟದಲ್ಲೇ ಇರುತ್ತಾನೆ, ಹಗಲು ಮನೆಯಲ್ಲಿ ಅವನು ಇದ್ದಾನೋ ಇಲ್ಲವೋ ಎಂದು ತಿಳಿದರೆ ಸಾಕು ಎಂದೆ. 'ಇದ್ದಾನೋ' ಎಂದರೆ ಏನರ್ಥ ಎಂದು ಅವರು ಕೇಳಲಿಲ್ಲ.

"ಯಾವ ಆನ್‌ಲೈನ್ ಅಂಗಡಿ ಆಟ ಆಡ್ತಾನೆ? ನೀಲಿ ಗುರುತಿಂದಾ? ಅಯ್ಯೋ, ಅದರಲ್ಲಿ ನಂದೂ ಖಾತೆ ಇದೆ ಮೇಡಂ! ನಾನು ಬೇಸಾಯದ ಆಟ ಆಡ್ತೀನಿ. ಈ ವಾರ ಕುಂಬಳ ಬಂದಿದೆ."

ರಿಪೇರಿಯವರು ತಮ್ಮದೇ ಕಂಪ್ಯೂಟರಿನಲ್ಲಿ ಗೆಳೆಯರ ಸಾಲು ತೆರೆದು ತೋರಿಸಿದರು. ಅಂಗಡಿಯೊಳಗೆ ಇರುವವರ ಹೆಸರಿನ ಪಕ್ಕ ಹಸಿರು ಚುಕ್ಕೆ, ಅದರ ಕೆಳಗೆ ಯಾವ ಆಟದಲ್ಲಿದ್ದಾರೆ ಎಂಬ ವಿವರ. "ನೋಡಿ, ಇವನು ನನ್ನ ಬಾಮೈದ. ಆಫೀಸಲ್ಲಿ ಕೂತು ಯುದ್ಧಟ್ಯಾಂಕು ಓಡಿಸ್ತಿದ್ದಾನೆ. ನಮ್ಮನೆಯವಳ ಕಿವಿಗೆ ಮಾತ್ರ ಹಾಕ್ಬೇಡಿ."

ಫೆಬ್ರವರಿ 8, ಭಾನುವಾರ

ರಜೆಯ ದಿನ ಪೂರ್ತಿ ಆ ಅಂಗಡಿಯಲ್ಲಿ ನನಗೊಂದು ಖಾತೆ ತೆರೆಯುವುದಕ್ಕೇ ಹೋಯಿತು.

ಮೊದಲು ಅಂಗಡಿಯನ್ನೇ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಬೇಕು. ಇಳಿದ ಕೂಡಲೆ ಅದು ತನ್ನನ್ನು ತಾನೇ ಹೊಸದು ಮಾಡಿಕೊಳ್ಳಲು ಶುರುಮಾಡಿತು. ಮುಗಿಯುವವರೆಗೆ ಬಟ್ಟೆ ಒಗೆದೆ. ಆಮೇಲೆ ಹುಟ್ಟಿದ ದಿನ ಕೇಳಿತು. ವರ್ಷಗಳ ಪಟ್ಟಿಯನ್ನು ಕೆಳಗೆ, ಇನ್ನೂ ಕೆಳಗೆ ಎಳೆದು ನನ್ನ ವರ್ಷ ಸಿಗುವಷ್ಟರಲ್ಲಿ ಬೆರಳು ಸೋತಿತು. ನಾನು ಯಂತ್ರವಲ್ಲ ಎಂದೂ ಸಾಬೀತು ಮಾಡಬೇಕಂತೆ: ಮೆಟ್ಟಿಲು ಇರುವ ಚಿತ್ರಗಳನ್ನು ಆರಿಸು. ಎರಡು ಸಲ ತಪ್ಪಿದೆ. ಈ ಮನೆಯಲ್ಲಿ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವವಳು ನಾನೊಬ್ಬಳೇ.

ಇಮೇಲಿಗೆ ಒಂದು ಸಂಕೇತ, ಫೋನಿಗೆ ಇನ್ನೊಂದು. ಒಂದನ್ನು ಹುಡುಕುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ಕೊನೆಗೆ ಹೆಸರು. ನನ್ನ ಹೆಸರು ಬೇರೆ ಯಾರದೋ ಆಗಿತ್ತು. ಮನೆಯಲ್ಲಿ ಕರೆಯುವ ಹೆಸರೂ ಹೋಗಿತ್ತು. 'ಅಕ್ಕ' ಎಂದು ಹಾಕಿದೆ, ಅದೂ ಯಾರೋ ಆಗಿದ್ದಾರೆ. ನಿನ್ನೆಯ ಕಿವಿ ಪರೀಕ್ಷೆಯ ವರದಿಯೊಂದು ತಲೆಯಲ್ಲಿತ್ತೇನೋ, 'ಎಡಗಿವಿ' ಎಂದು ಒತ್ತಿದೆ. ಸ್ವಾಗತ, ಎಡಗಿವಿ.

ಸಂಜೆ ಊಟದ ತಟ್ಟೆ ಮೇಲೆ ಇಟ್ಟು ಬಂದೆ. ಕುರ್ಚಿ ಸರಿಯಿತು, ತಟ್ಟೆ ಒಳಗೆ ಹೋಯಿತು, ಕುರ್ಚಿ ಮರಳಿತು.

ಫೆಬ್ರವರಿ 9, ಸೋಮವಾರ

ಹೊಸ ಖಾತೆಯಿಂದ ಗೆಳೆತನ ಕೇಳುವ ಹಾಗಿಲ್ಲ. ಮೊದಲು ಏನಾದರೂ ಕೊಳ್ಳಬೇಕು. "ಪುಂಡರು ಸುಳ್ಳು ಖಾತೆ ಮಾಡ್ತಾರಲ್ಲ, ಅದಕ್ಕೆ," ಎಂದರು ರಿಪೇರಿಯವರು. "ನನ್ನ ಬೇಸಾಯದ್ದೇ ತಗೊಳ್ಳಿ. ಬೀಜ ನಾನು ಕೊಡ್ತೀನಿ." ಕೊಂಡೆ. ತಮ್ಮನ ಹೆಸರು ಹುಡುಕಿ ಕೋರಿಕೆ ಕಳಿಸಿದೆ. ಚಿಕ್ಕಂದಿನಿಂದ ಎಲ್ಲದಕ್ಕೂ ಅವನು ಇಡುವ ಹೆಸರು ಒಂದೇ, ಸಿಕ್ಕುವುದು ಕಷ್ಟವಾಗಲಿಲ್ಲ.

ಫೆಬ್ರವರಿ 10, ಮಂಗಳವಾರ

ಒಪ್ಪಿಕೊಂಡಿದ್ದಾನೆ. ಜೊತೆಗೆ ಒಂದು ಸಾಲು: "ಎಡಗಿವಿಯಂತೆ. ಬಲಗಿವಿ ಎಲ್ಲಿ?"

ಎಷ್ಟೋ ಹೊತ್ತು ಯೋಚಿಸಿ "ಅಡುಗೆಮನೆಯಲ್ಲಿದೆ" ಎಂದು ಬರೆದೆ. ಉತ್ತರ ಬರಲಿಲ್ಲ. ಚುಕ್ಕೆ ಮಾತ್ರ ಹಸಿರಾಗಿತ್ತು.

ಫೆಬ್ರವರಿ 14, ಶನಿವಾರ

ಪರೀಕ್ಷೆಯ ಯಂತ್ರದ ಪಕ್ಕದಲ್ಲೇ ಲ್ಯಾಪ್‌ಟಾಪು. ಒಬ್ಬ ರೋಗಿಗೂ ಇನ್ನೊಬ್ಬ ರೋಗಿಗೂ ನಡುವೆ ಒಮ್ಮೆ ನೋಡುತ್ತೇನೆ. ಹಸಿರು. ಹಸಿರು. ಮಧ್ಯಾಹ್ನ ಸ್ವಲ್ಪ ಹೊತ್ತು ಹಳದಿ, ಎಂದರೆ ಕೂತಲ್ಲಿಂದ ಎದ್ದಿದ್ದಾನೆ. ಮತ್ತೆ ಹಸಿರು. ರಿಪೇರಿಯವರು ಹೇಳುತ್ತಾರೆ, "ಮೇಡಂ, ಹಾಲು ಕಾಯೋಕೆ ಇಟ್ಟವರ ಹಾಗೆ ನೋಡ್ಬೇಡಿ, ಉಕ್ಕಲ್ಲ."

ಸೇರಿ ಆಡೋಣವಾ ಎಂದು ಕೇಳಿದೆ. "ನಿನ್ನ ಲ್ಯಾಪ್‌ಟಾಪ್ ತಡ್ಕೊಳಲ್ಲ," ಎಂದ. ನಿಜವೇ. ಕುಂಬಳಕ್ಕೇ ಅದರ ಫ್ಯಾನು ವಿಮಾನದ ಹಾಗೆ ಮೊರೆಯುತ್ತದೆ.

ಫೆಬ್ರವರಿ 17, ಮಂಗಳವಾರ

ಅಂಗಡಿಯಲ್ಲಿ ರಿಯಾಯಿತಿ ಮಾರಾಟ. ಮೊದಲ ಪುಟದಲ್ಲೇ ಒಂದು ಆಟ, ಹೆಸರು 'ಬಂದರು'. ಹಳದಿ ಕ್ರೇನು, ಹಿಂದೆ ಬೆಳಗಿನ ಬಿಸಿಲು. ಕಿವಿ ಕೇಳದವರಿಗೆ ಹೊಸ ಯಂತ್ರ ಹಾಕಿದಾಗ ಮೊದಲು ಮನೆಯವರ ದನಿ ಕೇಳಿಸುತ್ತೇವೆ, ಗೊತ್ತಿರುವುದರಿಂದ ಶುರುವಾಗಲಿ ಎಂದು. ಅವನಿಗೆ ಇದು ಗೊತ್ತಿರುವುದಲ್ಲವೆ? ಉಡುಗೊರೆಯಾಗಿ ಕಳಿಸಿದೆ. ಜೊತೆಗೆ ಏನಾದರೂ ಬರೆಯಿರಿ ಎಂದು ಅಂಗಡಿ ಕೇಳಿತು. "ಇದು ನಿನಗೆ ಚೆನ್ನಾಗಿ ಬರುತ್ತೆ" ಎಂದು ಬರೆದೆ.

ಫೆಬ್ರವರಿ 18, ಬುಧವಾರ

ಉಡುಗೊರೆ ನಿರಾಕರಿಸಲಾಗಿದೆ.

ಬೆಳಗ್ಗೆ ಹತ್ತಕ್ಕೆ ಚುಕ್ಕೆ ಬೂದಿ ಬಣ್ಣಕ್ಕೆ ತಿರುಗಿತು. ಹನ್ನೊಂದಕ್ಕೂ ಬೂದಿ. ಫೋನು ಎತ್ತಲಿಲ್ಲ. ನಾನು ಎದ್ದು ಹೊರಟೆ. ಬಸ್ಸಿನಲ್ಲಿ ಏನು ಯೋಚಿಸಿದೆ ಎಂಬುದನ್ನು ಬರೆಯುವುದಿಲ್ಲ. ಮೆಟ್ಟಿಲು ಹತ್ತಿ ಬಾಗಿಲು ದೂಡಿದೆ, ಕುರ್ಚಿ ಅಡ್ಡ ನಿಂತಿತು.

"ಏನೋ, ಇದ್ದೀಯೇನೋ?"

ತುಂಬ ಹೊತ್ತಾದ ಮೇಲೆ, "ಇದ್ದೀನಿ."

ಮೆಟ್ಟಿಲ ಮೇಲೆ ಕೂತೆ. ಒಳಗಿನಿಂದ ಮತ್ತೆ ದನಿ: "ನಂಗೆ ಚೆನ್ನಾಗಿ ಬರುತ್ತೆ ಅಂದ್ಯಲ್ಲ. ಕೊಕ್ಕರೆನ ಕೇಳು."

ಆಗ ಫೋನು ಬಡಿದುಕೊಂಡಿತು. ನಮ್ಮ ಆಸ್ಪತ್ರೆಯಿಂದ ರಿಪೇರಿಯವರು. ನಾನು ಹೊರಟುಬಂದಾಗ ಗಾಜಿನ ಕೋಣೆಯೊಳಗೆ ಒಬ್ಬ ಹೆಂಗಸನ್ನು ಹೆಡ್‌ಫೋನ್ ಹಾಕಿ ಕೂರಿಸಿದ್ದೆನಂತೆ. ಅವಳು ಸದ್ದಿಗಾಗಿ ಕಾಯುತ್ತಾ ಕೂತಿದ್ದಳು. ಇವರು ಹೋಗಿ ಬಾಗಿಲು ತೆಗೆದಾಗ ಅಳುತ್ತಿದ್ದಳಂತೆ, ಎರಡು ಕಿವಿಯೂ ಹೋಯಿತೆಂದು.

ಫೆಬ್ರವರಿ 19, ಗುರುವಾರ

ಮೇಲಧಿಕಾರಿ ಕರೆದು ಅನ್ನಬೇಕಾದ್ದನ್ನೆಲ್ಲ ಅಂದರು. ಆ ಹೆಂಗಸಿನ ಪರೀಕ್ಷೆ ಮತ್ತೆ ಮಾಡಿದೆ. ಅವಳ ಎರಡು ಕಿವಿಯೂ ನನಗಿಂತ ಚೆನ್ನಾಗಿವೆ.

"ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ," ಎಂದರು ಕತೆಯೆಲ್ಲ ಕೇಳಿದ ರಿಪೇರಿಯವರು. "ಮುಳುಗಿ ಎದ್ದವನಿಗೆ ಯಾರಾದ್ರೂ ಈಜುಕೊಳ ಉಡುಗೊರೆ ಕೊಡ್ತಾರಾ?"

ಚುಕ್ಕೆ ಬೂದಿ. ಅಂಗಡಿಯಲ್ಲಿ ಇದ್ದೂ ಇಲ್ಲದವನ ಹಾಗೆ ಕಾಣಿಸಿಕೊಳ್ಳಬಹುದಂತೆ. ಇದ್ದರೆ ಹಾಗೆ ಇದ್ದಾನೆ.

ಸಂಜೆ ಕೊಕ್ಕರೆ ಫೋನು ಮಾಡಿದ. ಇವತ್ತು ದನಿ ಒಣಗಿತ್ತು. "ಕಾಲು ತೆಗೆದ್ಬಿಟ್ರು ಅಕ್ಕ. ಮಂಡಿ ಕೆಳಗೆ. ದೊರೆಗೆ ಹೇಳ್ಬೇಡಿ. ಹೇಳಿದ್ರೆ ಅವ್ನು ಏನಾದ್ರೂ ಮಾಡ್ಕೊಂಡಾನು." ಮೂರು ತಿಂಗಳಿಂದ ನಾನು ನುಂಗಿಕೊಂಡಿದ್ದ ಮಾತನ್ನು ಅವನು ಹಾಗೇ ಆಡಿಬಿಟ್ಟ.

ಫೆಬ್ರವರಿ 22, ಭಾನುವಾರ

'ಬಂದರು' ನಾನೇ ಕೊಂಡೆ. ಏನನ್ನು ಕಳಿಸಿದ್ದೆ ಎಂದಾದರೂ ನೋಡಬೇಕಲ್ಲ. ಲ್ಯಾಪ್‌ಟಾಪು ಮೊರೆಯುತ್ತಲೇ ಹೇಗೋ ತಡೆದುಕೊಂಡಿತು.

ಗಾಜಿನ ಕೋಣೆ, ಎತ್ತರದಲ್ಲಿ. ಎಡಗೈಯಲ್ಲಿ ತಿರುಗಿಸುವುದು, ಬಲಗೈಯಲ್ಲಿ ಎತ್ತುವುದು. ಕೆಳಗೆ ಕಿತ್ತಳೆ ಅಂಗಿಯ ಒಬ್ಬ ಪುಟ್ಟ ಮನುಷ್ಯ. ನಾನು ಎತ್ತಿದ ಮೊದಲ ಪೆಟ್ಟಿಗೆ ಹೊಯ್ದಾಡಿ ಅವನ ಮೇಲೆ ಬಿತ್ತು. ಪರದೆ ಕೆಂಪಾಯಿತು. ಅವನು ಎದ್ದು ಅಂಗಿ ಕೊಡವಿಕೊಂಡು ಮತ್ತೆ ತಲೆಯೆತ್ತಿ ನನ್ನನ್ನು ನೋಡಿದ. ಲ್ಯಾಪ್‌ಟಾಪು ಮುಚ್ಚಿದೆ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ತೆರೆದೆ.

ಫೆಬ್ರವರಿ 26, ಗುರುವಾರ

ಬೀಳಿಸಿದೆ. ಬೀಳಿಸಿದೆ. ಒಂದು ಇಳಿಸಿದೆ, ಹಡಗಿನ ಮೇಲಲ್ಲ, ನೀರಿಗೆ.

ಮಾರ್ಚ್ 1, ಭಾನುವಾರ

ಆಡುತ್ತಿದ್ದಾಗ ಪರದೆಯ ಮೂಲೆಯಲ್ಲಿ ಒಂದು ಪ್ರಶ್ನೆ: ನಿಮ್ಮ ಆಟ ನೋಡಲು ಒಬ್ಬರು ಅನುಮತಿ ಕೇಳುತ್ತಿದ್ದಾರೆ. ಯಾರು ಎಂದು ಓದುವ ಮೊದಲೇ ಹೂಂ ಎಂದು ಒತ್ತಿಬಿಟ್ಟಿದ್ದೆ.

"ಎತ್ತೋ ಮೊದಲು ಗಾಳಿ ನೋಡು."

ತಮ್ಮ. ಚುಕ್ಕೆ ಹಸಿರು.

"ಎಲ್ಲಿ?" ಎಂದು ಬರೆದೆ.

"ಬಲಗಡೆ ಮೇಲೆ. ಕನ್ನಡಕ ಹಾಕ್ಕೋ."

"ಹಾಕಿಕೊಂಡಿದ್ದೇನೆ."

"ಹಾಗಾದ್ರೆ ಒರೆಸ್ಕೋ. ಅಯ್ಯೋ ನಿಧಾನ. ಕ್ರೇನ್ ಆಡಿಸ್ತಿದ್ದೀಯೋ ತೊಟ್ಟಿಲು ತೂಗ್ತಿದ್ದೀಯೋ?"

"ನಿನ್ನನ್ನು ತೂಗಿದ್ದ ಕೈ ಇದು. ಸುಮ್ಮನಿರು."

"ಅದಕ್ಕೇ ನಾನು ಹೀಗಾದೆ."

ನಕ್ಕೆ. ಮೇಲೆಯೂ ಏನೋ ಸದ್ದಾಯಿತು. ಆಮೇಲೆ ಅವನು ಹೇಳಿದ್ದು: ಪೆಟ್ಟಿಗೆ ಬಲಕ್ಕೆ ತೂಗಿದರೆ ಎಡಕ್ಕೆ ಎಳೆಯಬಾರದು. ಅದು ಹೋಗುವ ಕಡೆಗೇ ಕೊಕ್ಕೆಯನ್ನೂ ಒಯ್ದು ಅದರ ನೆತ್ತಿಯ ಮೇಲೆ ನಿಲ್ಲಿಸಬೇಕು, ಆಗ ತಾನೇ ಸುಮ್ಮನಾಗುತ್ತದೆ. ಹಾಗೆ ಮಾಡಿದೆ. ಸುಮ್ಮನಾಯಿತು.

ಮಾರ್ಚ್ 5, ಗುರುವಾರ

ಮೂರು ಪೆಟ್ಟಿಗೆ ಸರಿಯಾಗಿ ಇಳಿಸಿದೆ. ನಾಲ್ಕನೆಯದು ಕೊಕ್ಕೆಯಲ್ಲಿದ್ದಾಗ ಹಿಂದಿನಿಂದ "ಊಟ ಆಯ್ತಾ?" ಎಂಬ ದನಿ. "ಒಂದ್ನಿಮಿಷ, ಇದೊಂದು ಇಳಿಸ್ತೀನಿ," ಎಂದೆ. ಮೇಜಿನ ಮೇಲೆ ತಟ್ಟೆ ಇಟ್ಟ ಸದ್ದು. ಅದೇ ಗಡಿಬಿಡಿಯಲ್ಲಿ ಪೆಟ್ಟಿಗೆ ಹಡಗಿನ ಅಂಚಿಗೆ ತಾಗಿತು. ಮಧ್ಯೆ ಮಾತಾಡಿಸಬೇಡ ಎಂದು ನಾಳೆ ತಮ್ಮನಿಗೆ ಹೇಳಬೇಕು. ತರಕಾರಿಗೆ ಉಪ್ಪು ಜಾಸ್ತಿಯಾಗಿತ್ತು.

ಮಾರ್ಚ್ 7, ಶನಿವಾರ

ಕೆಲಸದಲ್ಲಿ ಲ್ಯಾಪ್‌ಟಾಪು ತೆರೆಯಲೇ ಇಲ್ಲ. ಜನ ಬಹಳ. ಸಂಜೆ ಐದಕ್ಕೆ ರಿಪೇರಿಯವರು "ಮೇಡಂ, ಇವತ್ತು ಹಾಲು ಕಾಯಿಸಲಿಲ್ವಾ?" ಎಂದರು. ಏನು ಹೇಳುತ್ತಿದ್ದಾರೆ ಎಂದು ಕೂಡಲೆ ಹೊಳೆಯಲಿಲ್ಲ. ನನ್ನ ಹೊಲದಲ್ಲಿ ಕುಂಬಳವೆಲ್ಲ ಒಣಗಿವೆ ಎಂದೂ ದೂರಿದರು. ಒಣಗಲಿ.

ಮಾರ್ಚ್ 8, ಭಾನುವಾರ

ಇವತ್ತು ನಿಧಾನವಾಗಿ ಬರೆಯಬೇಕು.

ಮಧ್ಯಾಹ್ನ ಆಟದಲ್ಲಿ ಗಾಳಿ ಎದ್ದಿತು. ಪೆಟ್ಟಿಗೆ ನೆಲದಲ್ಲಿ, ಕೊಕ್ಕೆ ಎತ್ತರದಲ್ಲಿ. ಮಿತಿ ದಾಟಿದ ಗಾಳಿ, ಕಾಯುವುದು ಬಿಟ್ಟು ಬೇರೆ ದಾರಿಯಿಲ್ಲ. ಕಿತ್ತಳೆ ಅಂಗಿಯವನು ಬೊಂಬೆಯ ಹಾಗೆ ನಿಂತಿದ್ದ. ತಮ್ಮ ನನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದ. ಮೇಲಿನ ಕೋಣೆಯ ಕುರ್ಚಿ ಅದು.

"ನಿಜವಾದ ಬಂದರಲ್ಲೂ ಹೀಗೇ ಕೂತಿರ್ತೀರಾ?" ಎಂದು ಕೇಳಿದೆ.

"ಗಂಟೆಗಟ್ಲೆ. ಮೇಲಿಂದ ಕೆಳಕ್ಕೆ ರೇಡಿಯೋದಲ್ಲಿ ಮಾತಾಡ್ತಿರ್ತೀವಿ. ಬಾಯಿಗೆ ಬಂದಿದ್ದು. ಕೊಕ್ಕರೆ ಅವ್ನ ಮದುವೆ ವಿಷಯ ಎಲ್ಲ ಹಾಗೇ ಹೇಳಿದ್ದು, ಹೆಂಡ್ತಿ ಬಿಟ್ಟೋಗಿದ್ದು, ಮತ್ತೆ ಬಂದಿದ್ದು. ಒಂದೇ ನಿಯಮ. ಗಾಳಿ ಇಳಿದ್ಮೇಲೆ ಆ ಮಾತು ಯಾರೂ ಎತ್ತೋ ಹಾಗಿಲ್ಲ. ಬೈಯೋ ಹಾಗಿಲ್ಲ, ಸಮಾಧಾನ ಮಾಡೋ ಹಾಗಿಲ್ಲ. ಕೆಲಸ."

"ಯಾರು ಮಾಡಿದ ನಿಯಮ?"

"ಯಾರೂ ಮಾಡಿಲ್ಲ. ಮೇಲೆ ಕೂತೋನ ಕೈ ನಡುಗಬಾರದಲ್ಲ."

ಗಾಳಿಯ ಅಂಕಿ ಪರದೆಯ ಮೂಲೆಯಲ್ಲಿ ಏರುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ನಾನು ಅದನ್ನೇ ನೋಡುತ್ತಾ ಹೇಳಿದೆ.

"ಕೊಕ್ಕರೆ ಕಾಲು ತೆಗೆದ್ರು ಕಣೋ. ಮಂಡಿ ಕೆಳಗೆ. ಹೋದ ತಿಂಗಳು. ನಿಂಗೆ ಹೇಳ್ಬೇಡಿ ಅಂದ."

ಗಾಜಿನ ಆಚೆ ಕೂತವರ ಬೆರಳಿಗಾಗಿ ಕಾಯುವುದು ನನ್ನ ದಿನದ ಕೆಲಸ. ಅವರ ಮುಖ ಕಾಣುತ್ತದೆ. ಇವನ ಮುಖ ನೋಡಲು ತಿರುಗಬೇಕಿತ್ತು. ತಿರುಗಲಿಲ್ಲ.

"ಗೊತ್ತಿತ್ತು," ಎಂದ ಕೊನೆಗೆ. "ಕಾಲಲ್ಲ. ಏನೋ ಆಗಿದೆ ಅಂತ. ನೀನು ತಟ್ಟೆ ಇಡೋ ಸದ್ದು ಬದಲಾಗಿತ್ತು."

ಅಂಕಿ ಮೂವತ್ತು ದಾಟಿತು.

"ನಾನು ತಪ್ಪು ಮಾಡಿಲ್ಲ ಅಕ್ಕ. ಎಲ್ರೂ ಅದನ್ನೇ ಹೇಳ್ತಾರೆ, ನಾನೂ ನೂರು ಸಲ ನೋಡ್ದೆ, ಮಾಡಿಲ್ಲ. ಅದೇ ಕಷ್ಟ. ತಪ್ಪು ಮಾಡಿದ್ದಿದ್ರೆ ಇನ್ಮೇಲೆ ಮಾಡಲ್ಲ ಅನ್ಬಹುದಿತ್ತು. ಎಲ್ಲ ಸರಿಯಾಗಿ ಮಾಡ್ದೆ. ನಾಳೆ ಸರಿಯಾಗಿ ಮಾಡಿದ್ರೂ ಇನ್ನೊಬ್ಬನ ಮೇಲೆ ಬೀಳುತ್ತೆ. ಹಾಗಾದ್ರೆ ನಾನು ಯಾಕಿರ್ಬೇಕು ಅನ್ನಿಸ್ತಿತ್ತು."

ಅನ್ನಿಸ್ತಿತ್ತು ಎಂದನೋ, ಅನ್ನಿಸ್ತಿದೆ ಎಂದನೋ. ನನ್ನ ಕಿವಿ ಕೆಲಸ ಮಾಡಲಿಲ್ಲ. ಮತ್ತೆ ಕೇಳಬಹುದಿತ್ತು, ಕೇಳಲಿಲ್ಲ.

"ಇಳೀತು," ಎಂದ. "ಎತ್ತು."

ಅಂಕಿ ನೋಡಿದೆ. ಹನ್ನೆರಡು. ಎತ್ತಿದೆ. ಪೆಟ್ಟಿಗೆ ಸ್ವಲ್ಪ ಎಡಕ್ಕೆ ತೂಗಿತು, ಅದರ ಜೊತೆಗೇ ಹೋದೆ. ನಾವಿಬ್ಬರೂ ಆ ಮಾತು ಮತ್ತೆ ಎತ್ತಲಿಲ್ಲ.

ಮಾರ್ಚ್ 12, ಗುರುವಾರ

ಮನೋವೈದ್ಯರ ಭೇಟಿ ಇವತ್ತು ಇತ್ತು, ಮರೆತುಹೋಯಿತು. ಅವರ ಕಡೆಯಿಂದ ಫೋನು ಬಂದಾಗಲೇ ನೆನಪಾದದ್ದು.

ಮಾರ್ಚ್ 15, ಭಾನುವಾರ

ಬೆಳಗ್ಗೆ ತಮ್ಮ ಗಡ್ಡ ಬೋಳಿಸಿಕೊಂಡು ಕೆಳಗೆ ಬಂದ. ಕೆನ್ನೆಯ ಮೇಲೆ ಎರಡು ಕಡೆ ಗಾಯ. "ಆಸ್ಪತ್ರೆ ಬಸ್ಸು ಎಷ್ಟು ಹೊತ್ತಿಗೆ?" ಎಂದ. ಯಾವ ಆಸ್ಪತ್ರೆ ಎಂದು ನಾನು ಕೇಳಲಿಲ್ಲ.

ವಾರ್ಡಿನ ಬಾಗಿಲಲ್ಲಿ ಅವನು ನಿಂತುಬಿಟ್ಟ. ಒಳಗಿನಿಂದ ಕೊಕ್ಕರೆಯೇ ನೋಡಿದ.

"ಬಂದ್ಯಾ ದೊರೆ? ಬಾ ಬಾ, ಹೆದರ್ಬೇಡ. ಹೆಸರು ಬದಲಾಯಿಸ್ಕೊಂಡಿಲ್ಲ. ಈಗ್ಲೇ ನೋಡು ಸರಿಹೊಂದೋದು, ಕೊಕ್ಕರೆ ನಿಲ್ಲೋದೇ ಒಂದು ಕಾಲಲ್ಲಿ."

ಪಕ್ಕದ ಮಂಚದವನು ನಕ್ಕ. ತಮ್ಮ ನಗಲಿಲ್ಲ. ಹೋಗಿ ಮಂಚದ ಪಕ್ಕ ನಿಂತ. ಹೊದಿಕೆ ಒಂದು ಕಡೆ ಬೇಗ ಮುಗಿದು ಚಪ್ಪಟೆಯಾಗಿತ್ತು. ಅದನ್ನೇ ನೋಡಿದ. ನೋಡಲಿ ಎಂದು ಕೊಕ್ಕರೆಯೂ ಸುಮ್ಮನಿದ್ದ.

"ನಾಲ್ಕು ತಿಂಗ್ಳು ಫೋನ್ ಮಾಡಿದೀನಿ. ಎಲ್ಲಿ ಸತ್ತಿದ್ದೆ?"

"ಮಹಡಿ ಮೇಲೆ."

"ಏನ್ ಮಾಡ್ತಿದ್ದೆ?"

"ಆಟ ಆಡ್ತಿದ್ದೆ."

"ಥೂ ನಿನ್ನ," ಎಂದ ಕೊಕ್ಕರೆ. ಆಮೇಲೆ ಅವನ ಮುಖ ಒಂದು ಕಡೆಯಿಂದ ಕುಸಿಯಿತು. ತೋಳಿನಿಂದ ಒರೆಸಿಕೊಂಡ. "ಕಿಟಕಿ ಹತ್ರ ಕೂರಿಸು ನನ್ನ. ಈ ನರ್ಸುಗಳು ಮೂಟೆ ಎತ್ತಿದ ಹಾಗೆ ಎತ್ತುತ್ತಾರೆ."

ತಮ್ಮ ಬಗ್ಗಿದ. ಒಂದು ಕೈ ಬೆನ್ನಿನಡಿ, ಒಂದು ಕೈ ತೊಡೆಯಡಿ. ಅವನ ಕುತ್ತಿಗೆಯ ನರ ಉಬ್ಬಿದ್ದು ಬಾಗಿಲಲ್ಲಿ ನಿಂತ ನನಗೂ ಕಾಣಿಸಿತು.

"ನಿಧಾನ ದೊರೆ. ಗಾಜಿನ ಸಾಮಾನು."

"ಬಾಯ್ಮುಚ್ಕೊಂಡಿರು."

ಕುರ್ಚಿಗೆ ಇಳಿಸಿದ. ಕಿಟಕಿಯಾಚೆ ಕಾರು ನಿಲ್ಲಿಸುವ ಜಾಗ ಬಿಟ್ಟು ನೋಡಲು ಏನೂ ಇರಲಿಲ್ಲ. ಇಬ್ಬರೂ ಅದನ್ನೇ ನೋಡಿದರು. ನನಗೆ ಕೂರಲು ಇನ್ನೊಂದು ಕುರ್ಚಿ ಇರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ತಮ್ಮ ತಿರುಗಿ, "ನೀನು ಹೋಗಕ್ಕ, ಕಾಲು ನೋವು ಅಂತೀಯ. ನಾನು ಆಮೇಲೆ ಬರ್ತೀನಿ," ಎಂದ. ಹೊರಟೆ.

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಬಿಸಿಲು ತೊಡೆಯ ಮೇಲೆ ಬಿದ್ದಿತ್ತು. ಎಚ್ಚರವಾದಾಗ ಬಸ್ಸು ಖಾಲಿ. ಇಂಜಿನ್ನು ಆಫಾಗಿತ್ತು, ಡ್ರೈವರ್ ನನ್ನ ಸೀಟಿನ ಕಂಬಿಯನ್ನು ಬೆರಳಿನಿಂದ ಬಡಿಯುತ್ತಿದ್ದ.

"ಅಮ್ಮಾ, ಇದೇ ಕೊನೇ ಸ್ಟಾಪು. ಎಲ್ಲಿ ಇಳೀಬೇಕಿತ್ತು?"

ಹೇಳಿದೆ.

"ಅದು ದಾಟಿ ಎಷ್ಟೋ ಹೊತ್ತಾಯ್ತಲ್ಲ! ಎಬ್ಬಿಸೋಣ ಅಂದ್ಕೊಂಡೆ, ಒಳ್ಳೆ ನಿದ್ದೇಲಿದ್ರಿ."

ಇದೇ ಬಸ್ಸು ಇಪ್ಪತ್ತು ನಿಮಿಷ ಬಿಟ್ಟು ವಾಪಸು ಹೊರಡುತ್ತದಂತೆ, ಬೇಕಾದರೆ ಕೂತಿರಿ ಎಂದ. ಕೂತೆ. ಅವನು ಕೆಳಗಿಳಿದು ಹೋದ. ತಮ್ಮನಿಗೆ ಫೋನು ಮಾಡಿ ವಿಚಾರಿಸಬೇಕು ಎಂದು ಅನ್ನಿಸಲಿಲ್ಲ. ಮತ್ತೆ ನಿದ್ದೆ ಬಂತು.